ಯಕೃತ್ತು ಅರ್ಧಕ್ಕೆ ಬಿಟ್ಟ ಕೆಲಸ

ಕೆಲಸ ಮುಗಿಸಿದ ಹಾರ್ಮೋನನ್ನು ಯಕೃತ್ತು ಒಡೆದು ಪುಡಿ ಮಾಡುತ್ತದೆ, ಆ ಪುಡಿ ಮೂತ್ರದಲ್ಲಿ ಹೊರಬೀಳುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು: ಓದಿದವರಲ್ಲೂ ಬೇರೂರಿರುವ ನಂಬಿಕೆ ಇದು. ಇನ್ಸುಲಿನ್‌ನಂಥ ಪ್ರೋಟೀನ್ ಹಾರ್ಮೋನುಗಳಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಅವು ಅಮೈನೊ ಆಮ್ಲಗಳಾಗಿ ಬಿಡಿಬಿಡಿಯಾಗಿ ಮತ್ತೆ ದೇಹದ ಬಳಕೆಗೇ ಸೇರುತ್ತವೆ. ಈಸ್ಟ್ರೋಜನ್, ಪ್ರೊಜೆಸ್ಟಿರಾನ್, ಟೆಸ್ಟೋಸ್ಟಿರಾನ್, ಕಾರ್ಟಿಸಾಲ್ ಮುಂತಾದ ಸ್ಟೆರಾಯ್ಡ್ ಬಳಗಕ್ಕೆ ಮಾತ್ರ ಒಪ್ಪುವುದಿಲ್ಲ. ಇವುಗಳನ್ನು ದೇಹ ನಾಶ ಮಾಡುವುದಿಲ್ಲ. ಅವುಗಳ ಕೈಕಾಲು ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಕಳಿಸುತ್ತದೆ. ಹೊರಗೆ ಆ ಕಟ್ಟು ಬಿಚ್ಚಿಕೊಳ್ಳುತ್ತದೆ. ಕುಡಿಯುವ ನೀರಿಗೆ ದಶಕಗಟ್ಟಲೆ ತತ್ವಾರ ಕಂಡಿರುವ, ಕೊಳಚೆ ನೀರು ಹಾಯಿಸಿ ಕಾಯಿಪಲ್ಲೆ ಬೆಳೆಯುವ ಹುಬ್ಬಳ್ಳಿ-ಧಾರವಾಡದಂಥ ಊರು ಈ ಸಂಗತಿಯನ್ನು ವೈದ್ಯಕೀಯ ಕಾಲೇಜಿನ ಪಠ್ಯಕ್ಕೆ ಬಿಟ್ಟು ಸುಮ್ಮನಿರಲಾಗದು. ದೇಹ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸುವುದು ಊರಿನ ಹೊಣೆ ಎಂಬುದು ನನ್ನ ವಾದ.

ಮೊದಲು ದೇಹದೊಳಗಿನ ಮಾತು. ಈ ಹಾರ್ಮೋನುಗಳೆಲ್ಲ ಕೊಲೆಸ್ಟೆರಾಲ್‌ನಿಂದ ಹುಟ್ಟುತ್ತವೆ. ಕೊಲೆಸ್ಟೆರಾಲ್‌ನಲ್ಲಿ 27 ಕಾರ್ಬನ್ ಪರಮಾಣುಗಳಿವೆ. ಅದರ ಬಾಲ ಕತ್ತರಿಸಿ, ಅಂಚು ತಿದ್ದಿ, ಅಡ್ರಿನಲ್ ಗ್ರಂಥಿ 21 ಕಾರ್ಬನ್ನಿನ ಕಾರ್ಟಿಸಾಲ್ ಮಾಡುತ್ತದೆ, ವೃಷಣ 19ರ ಟೆಸ್ಟೋಸ್ಟಿರಾನ್ ಮಾಡುತ್ತದೆ, ಅಂಡಾಶಯ 18ರ ಈಸ್ಟ್ರಡಯಾಲ್ ಮಾಡುತ್ತದೆ. ಇಷ್ಟೆಲ್ಲ ಆದರೂ ನಡುವಿನ ನಾಲ್ಕು ಉಂಗುರಗಳ ಚೌಕಟ್ಟು ಹಾಗೇ ಉಳಿಯುತ್ತದೆ. ಆ ಚೌಕಟ್ಟನ್ನು ಪೂರ್ತಿ ಕಳಚಿಹಾಕುವ ಕಿಣ್ವಗಳು ಮನುಷ್ಯನಲ್ಲಿಲ್ಲ. (ಚರ್ಮದಲ್ಲಿ ಒಂದು ಉಂಗುರ ಬಿಚ್ಚಿ ವಿಟಮಿನ್ ಡಿ ಆಗುತ್ತದೆ, ನಿಜ, ಅದನ್ನು ಬಿಚ್ಚುವುದು ಬಿಸಿಲು.) ಸಕ್ಕರೆಯನ್ನು ಉರಿಸಿ ಇಂಗಾಲದ ಡೈಆಕ್ಸೈಡ್ ಮಾಡುವ, ಪ್ರೋಟೀನನ್ನು ಯೂರಿಯಾ ಮಾಡುವ ದೇಹ ಈ ನಾಲ್ಕು ಉಂಗುರಗಳ ಮುಂದೆ ಕೈಚೆಲ್ಲುತ್ತದೆ.

ಹಾಗಾದರೆ ಯಕೃತ್ತು ಮಾಡುವುದೇನು? ಎರಡು ಹಂತದ ಕೆಲಸ. ಕಾರ್ಟಿಸಾಲನ್ನೇ ತೆಗೆದುಕೊಳ್ಳಿ. ಆರೋಗ್ಯವಂತನ ದೇಹ ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸಾಲ್ ತಯಾರಿಸುತ್ತದೆ. ರಕ್ತಕ್ಕೆ ಬಂದದ್ದರಲ್ಲಿ ಅರ್ಧದಷ್ಟು ಒಂದು, ಒಂದೂವರೆ ಗಂಟೆಯಲ್ಲಿ ಕಾಣೆಯಾಗುತ್ತದೆ. ಮೊದಲ ಹಂತದಲ್ಲಿ ಯಕೃತ್ತು ಅದಕ್ಕೆ ಹೈಡ್ರೋಜನ್ ಸೇರಿಸಿ ಟೆಟ್ರಾಹೈಡ್ರೋಕಾರ್ಟಿಸಾಲ್ ಮಾಡುತ್ತದೆ. ಜೀವಕೋಶದ ಗ್ರಾಹಕಗಳಿಗೆ ಅದು ಇನ್ನು ಹೊಂದುವುದಿಲ್ಲ. ಎರಡನೆಯ ಹಂತದಲ್ಲಿ ಅದಕ್ಕೆ ಗ್ಲೂಕುರಾನಿಕ್ ಆಮ್ಲ ಎಂಬ ಸಕ್ಕರೆಯ ಬಂಧುವನ್ನು ಅಂಟಿಸುತ್ತದೆ. ಕೆಲವು ಸ್ಟೆರಾಯ್ಡ್‌ಗಳಿಗೆ ಈ ಸಕ್ಕರೆಯ ಬದಲು ಸಲ್ಫೇಟ್ ಅಂಟುತ್ತದೆ. ಹೀಗೆ ಜೊತೆಗೂಡಿದ ಅಣುವಿಗೆ ವಿಜ್ಞಾನದಲ್ಲಿ ಕಾಂಜುಗೇಟ್ ಎಂದು ಹೆಸರು. ನಾನು ಇಲ್ಲಿ ಜೋಡಿರೂಪ ಎನ್ನುತ್ತೇನೆ. ಏನನ್ನೂ ಅಂಟಿಸಿಕೊಳ್ಳದೆ, ಇದ್ದ ಹಾಗೇ ಮೂತ್ರಕ್ಕೆ ಬರುವ ಕಾರ್ಟಿಸಾಲ್ ನೂರಕ್ಕೆ ಒಂದು ಪಾಲೂ ಇರುವುದಿಲ್ಲ.

ಸಕ್ಕರೆಯನ್ನೇ ಏಕೆ ಅಂಟಿಸಬೇಕು? ಸ್ಟೆರಾಯ್ಡ್ ಜಿಡ್ಡಿನ ಜಾತಿಯದು, ನೀರಿಗೆ ಕೂಡುವುದಿಲ್ಲ. ಅದನ್ನು ಇದ್ದ ಹಾಗೇ ಬಿಟ್ಟರೆ ಮೂತ್ರಪಿಂಡ ಸೋಸಿದ ಮೇಲೂ ಮತ್ತೆ ರಕ್ತಕ್ಕೆ ಜಾರಿ ಬರುತ್ತದೆ. ನಮ್ಮ ಹಿರಿಯರು ತಲೆ ತೊಳೆಯುತ್ತಿದ್ದ ಅಂಟವಾಳ, ಸೀಗೆಕಾಯಿ ನೊರೆ ಬಿಡುವುದೂ ಇದೇ ಬಗೆಯ ಜೋಡಣೆಯಿಂದ. ಅವುಗಳ ಸಪೋನಿನ್‌ನಲ್ಲಿ ಒಂದು ತುದಿ ಸ್ಟೆರಾಯ್ಡ್‌ಗೆ ಹತ್ತಿರದ ಬಂಧುವಾದ ಜಿಡ್ಡಿನ ಉಂಗುರಗಳು, ಇನ್ನೊಂದು ತುದಿ ಸಕ್ಕರೆ. ಜಿಡ್ಡಿನ ತುದಿ ಕೂದಲಿನ ಎಣ್ಣೆಯನ್ನು ಹಿಡಿಯುತ್ತದೆ, ಸಕ್ಕರೆಯ ತುದಿ ನೀರನ್ನು ಹಿಡಿಯುತ್ತದೆ. ಯಕೃತ್ತು ಹಾರ್ಮೋನಿಗೆ ಮಾಡುವುದೂ ಅದನ್ನೇ. ಸಕ್ಕರೆ ಅಂಟಿದ ಹಾರ್ಮೋನ್ ನೀರಿಗೆ ಒಗ್ಗುತ್ತದೆ, ಬಹುಪಾಲು ಮೂತ್ರಪಿಂಡದ ದಾರಿಯಲ್ಲಿ, ಉಳಿದದ್ದು ಪಿತ್ತರಸದ ದಾರಿಯಲ್ಲಿ ಹೊರಡುತ್ತದೆ. ಒಳಗಿನ ನಾಲ್ಕು ಉಂಗುರಗಳಿಗೆ ಮಾತ್ರ ಏನೂ ಆಗಿರುವುದಿಲ್ಲ.

ಏನೂ ಆಗಿರುವುದಿಲ್ಲ ಎಂಬುದಕ್ಕೆ ಹಾರ್ಮೋನುಗಳು ಪತ್ತೆಯಾದ ಇತಿಹಾಸವೇ ಸಾಕ್ಷಿ. 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿಯೂ ಜರ್ಮನಿಯ ಅಡಾಲ್ಫ್ ಬುಟೆನಾಂಟ್‌ ಕೂಡ ಬೇರೆ ಬೇರೆಯಾಗಿ ಈಸ್ಟ್ರೋನ್ ಹಾರ್ಮೋನನ್ನು ಶುದ್ಧ ಹರಳಾಗಿ ಹೊರತೆಗೆದದ್ದು ಗರ್ಭಿಣಿಯರ ಮೂತ್ರದಿಂದ. 1931ರಲ್ಲಿ ಬುಟೆನಾಂಟ್ ಸಾವಿರಾರು ಲೀಟರ್ ಗಂಡಸರ ಮೂತ್ರವನ್ನು ಬಟ್ಟಿ ಇಳಿಸಿ, ಸೋಸಿ, ಕೊನೆಗೆ ಸುಮಾರು 15 ಮಿಲಿಗ್ರಾಂ ಆಂಡ್ರೋಸ್ಟಿರಾನ್ ಪಡೆದ. ಆ ಮೂತ್ರವನ್ನು ಬರ್ಲಿನ್ನಿನ ಪೊಲೀಸರಿಂದ ಸಂಗ್ರಹಿಸಿದ್ದರು. ದೇಹ ಹಾರ್ಮೋನನ್ನು ನಿಜವಾಗಿ ಪುಡಿ ಮಾಡುತ್ತಿದ್ದರೆ ಇವರಿಬ್ಬರ ಕೈಗೆ ಏನೂ ಸಿಗುತ್ತಿರಲಿಲ್ಲ. ಇನ್ನೂ ಬಲವಾದ ಪುರಾವೆ ಔಷಧಿ ಅಂಗಡಿಯಲ್ಲಿದೆ. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಸಲ್ಫೇಟುಗಳನ್ನು ಮಾತ್ರೆ ಮಾಡಿ 1940ರ ದಶಕದ ಮೊದಲಿನಿಂದ ಪ್ರೆಮರಿನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದಾರೆ. ಮುಟ್ಟು ನಿಂತ ಮಹಿಳೆಯರಿಗೆ ದಶಕಗಳ ಕಾಲ ಅದನ್ನು ಕೊಟ್ಟಿದ್ದಾರೆ. ಒಂದು ಪ್ರಾಣಿ ವಿಸರ್ಜಿಸಿದ ಜೋಡಿರೂಪ ಇನ್ನೊಂದು ಪ್ರಾಣಿಯ ಹೊಟ್ಟೆಗೆ ಹೋದಾಗ ಮತ್ತೆ ಹಾರ್ಮೋನಾಗಿ ಕೆಲಸ ಮಾಡುತ್ತದೆ ಎಂಬುದು ಊಹೆಯ ಮಾತಲ್ಲ, ಅದು ಒಂದು ದೊಡ್ಡ ಉದ್ಯಮವನ್ನೇ ಸಾಕಿದೆ.

ಕಟ್ಟು ಬಿಚ್ಚುವ ಕಿಣ್ವಗಳು ನಮ್ಮೊಳಗೂ ಇವೆ. ವಯಸ್ಕರ ರಕ್ತದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿ ಹರಿದಾಡುವ ಸ್ಟೆರಾಯ್ಡ್ ಎಂದರೆ ಅಡ್ರಿನಲ್ ಗ್ರಂಥಿ ತಯಾರಿಸುವ ಡಿಎಚ್‌ಇಎ-ಸಲ್ಫೇಟ್. ಅದು ಕಸವಲ್ಲ, ದಾಸ್ತಾನು. ಬೇಕಾದ ಅಂಗಾಂಶ ಸಲ್ಫೇಟನ್ನು ಕಿತ್ತು ಹಾರ್ಮೋನ್ ಮಾಡಿಕೊಳ್ಳುತ್ತದೆ. ಗರ್ಭದಲ್ಲಿರುವ ಮಗು ಕಳಿಸುವ ಇಂಥ ಸಲ್ಫೇಟನ್ನು ಬಿಚ್ಚಿಯೇ ತಾಯಿಯ ಮಾಸು ಎಸ್ಟ್ರಯಾಲ್ ಎಂಬ ಈಸ್ಟ್ರೋಜನ್ ತಯಾರಿಸುತ್ತದೆ. ಸಲ್ಫೇಟ್ ಬಿಚ್ಚುವ ಆ ಕಿಣ್ವವಿಲ್ಲದೆ ಹುಟ್ಟುವ ಕೆಲವು ಗಂಡುಮಕ್ಕಳ ಚರ್ಮ ಮೀನಿನ ಹುರುಪೆಯಂತೆ ಒಣಗಿ ಬಿರಿಯುತ್ತದೆ; ಅವರನ್ನು ಹೊತ್ತ ತಾಯಂದಿರ ರಕ್ತದಲ್ಲಿ ಎಸ್ಟ್ರಯಾಲ್ ತೀರ ಕಡಿಮೆ ಇರುತ್ತದೆ. ಕರುಳಿನಲ್ಲಿ ಈ ಕೆಲಸವನ್ನು ಬ್ಯಾಕ್ಟೀರಿಯಾಗಳು ಮಾಡುತ್ತವೆ. ಪಿತ್ತರಸದೊಡನೆ ಕರುಳಿಗೆ ಇಳಿದ ಜೋಡಿರೂಪದ ಸಕ್ಕರೆಯನ್ನು ಅವು ಬೀಟಾ-ಗ್ಲೂಕುರಾನಿಡೇಸ್ ಎಂಬ ಕಿಣ್ವದಿಂದ ಕತ್ತರಿಸುತ್ತವೆ. ಬಿಡುಗಡೆಯಾದ ಹಾರ್ಮೋನ್ ಮತ್ತೆ ರಕ್ತಕ್ಕೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ. ಯಕೃತ್ತು ಕಟ್ಟುವುದು, ಕರುಳು ಬಿಚ್ಚುವುದು ಹೀಗೆ ಹಲವು ಸುತ್ತು ನಡೆಯುತ್ತದೆ.

ಈ ಸುತ್ತಾಟ ವೈದ್ಯರ ಚೀಟಿಯವರೆಗೂ ಬರುತ್ತದೆ. ಯಾವ ಆಂಟಿಬಯೋಟಿಕ್ ತೆಗೆದುಕೊಂಡರೂ ಗರ್ಭನಿರೋಧಕ ಮಾತ್ರೆ ಕೆಲಸ ಮಾಡುವುದಿಲ್ಲ ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಕರುಳಿನ ಬ್ಯಾಕ್ಟೀರಿಯಾ ಸತ್ತರೆ ಕಟ್ಟು ಬಿಚ್ಚುವವರಿಲ್ಲ, ಹಾರ್ಮೋನ್ ಮರಳುವುದಿಲ್ಲ ಎಂಬ ತರ್ಕ ಅದರ ಹಿಂದಿತ್ತು. ಸಾಮಾನ್ಯ ಆಂಟಿಬಯೋಟಿಕ್‌ಗಳ ವಿಷಯದಲ್ಲಿ ಆ ಭಯಕ್ಕೆ ಆಧಾರ ಸಿಗಲಿಲ್ಲ. ಆದರೆ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನ ವಿಷಯ ಬೇರೆ. ಅದು ಯಕೃತ್ತಿನ ಕಿಣ್ವಗಳನ್ನೇ ಚುರುಕುಗೊಳಿಸಿ ಮಾತ್ರೆಯ ಹಾರ್ಮೋನನ್ನು ಬೇಗ ವಿಲೇವಾರಿ ಮಾಡುತ್ತದೆ. ಕ್ಷಯದ ಚಿಕಿತ್ಸೆಯಲ್ಲಿರುವ ಹೆಣ್ಣುಮಗಳು ಗರ್ಭನಿರೋಧಕ ಮಾತ್ರೆಯನ್ನೇ ನಂಬಿ ಕೂರಬಾರದು. ನಮ್ಮ ಜಿಲ್ಲೆಗಳಲ್ಲಿ ಕ್ಷಯ ಇನ್ನೂ ಹೋಗಿಲ್ಲವಾದ್ದರಿಂದ ಈ ಮಾತನ್ನು ಆಶಾ ಕಾರ್ಯಕರ್ತೆಯರಿಂದ ಹಿಡಿದು ಎಲ್ಲರೂ ಹೇಳಬೇಕು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏಳು ತಿಂಗಳು ತುಂಬಿದ ಬಸುರಿ ಕೆಲವೊಮ್ಮೆ ಅಂಗೈ, ಅಂಗಾಲು ತುರಿಸುತ್ತದೆ ಎನ್ನುತ್ತಾಳೆ. ಮೈಮೇಲೆ ಗುಳ್ಳೆ ಇರುವುದಿಲ್ಲ, ರಾತ್ರಿಯಾದರೆ ತುರಿಕೆ ಹೆಚ್ಚು, ನಿದ್ದೆ ಇಲ್ಲ. ಮನೆಯವರು "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಎನ್ನುತ್ತಾರೆ. ಎಲ್ಲ ತುರಿಕೆಯೂ ಒಂದೇ ಅಲ್ಲ. ಆದರೆ ಕೆಲವರಲ್ಲಿ ಇದು ಪಿತ್ತದ ಹರಿವು ನಿಧಾನವಾದುದರ ಲಕ್ಷಣ. ಆಗ ಪಿತ್ತ ಆಮ್ಲಗಳ ಜೊತೆಗೆ ಪ್ರೊಜೆಸ್ಟಿರಾನ್‌ನ ಸಲ್ಫೇಟ್ ಜೋಡಿರೂಪಗಳೂ ರಕ್ತದಲ್ಲಿ ಏರುತ್ತವೆ, ತುರಿಕೆಗೆ ಅವುಗಳ ಪಾಲೂ ಇದೆ. ಪಿತ್ತ ಆಮ್ಲ ತೀರ ಏರಿದರೆ ಹೊಟ್ಟೆಯೊಳಗಿನ ಕೂಸಿನ ಜೀವಕ್ಕೇ ಅಪಾಯ. ಒಂದು ರಕ್ತಪರೀಕ್ಷೆ ಸಾಕು, ತಿಳಿಯುತ್ತದೆ. ವಿಸರ್ಜನೆಯ ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಆ ತಾಯಿಯ ಅಂಗೈ ಹೇಳುತ್ತಿರುತ್ತದೆ. ಮಜ್ಜಿಗೆ ಕುಡಿಸಿ ಸುಮ್ಮನಾಗಬೇಡಿ.

ಈಗ ಹೊರಗಿನ ಮಾತಿಗೆ ಬರೋಣ. ಕ್ರೀಡಾಪಟುಗಳ ಮೂತ್ರದಲ್ಲಿ ಸ್ಟೆರಾಯ್ಡ್ ಹುಡುಕುವ ಪ್ರಯೋಗಾಲಯದಲ್ಲಿ ಮೊದಲು ಮಾಡುವ ಕೆಲಸ ನೋಡಿ. ಎರಡು ಮೂರು ಮಿಲಿಲೀಟರ್ ಮೂತ್ರ ತೆಗೆದುಕೊಂಡು ಅದರ ಆಮ್ಲೀಯತೆಯನ್ನು ತಟಸ್ಥಕ್ಕೆ ತರುತ್ತಾರೆ. ಅದಕ್ಕೆ ಇ. ಕೋಲಿ ಬ್ಯಾಕ್ಟೀರಿಯಾದಿಂದ ತೆಗೆದ ಗ್ಲೂಕುರಾನಿಡೇಸ್ ಕಿಣ್ವ ಹಾಕಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುತ್ತಾರೆ. ಸಕ್ಕರೆ ಕಳಚಿ ಬೀಳುತ್ತದೆ, ಮೂಲ ಸ್ಟೆರಾಯ್ಡ್ ಹೊರಬರುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಪ್ರಯೋಗಾಲಯಗಳು ದುಡ್ಡು ಕೊಟ್ಟು ತರಿಸುವ ಈ ಕಿಣ್ವ ನಮ್ಮ ಗಟಾರಗಳಲ್ಲಿ ಬಿಟ್ಟಿಯಾಗಿ ತುಂಬಿದೆ. ಇ. ಕೋಲಿ ಎಂದರೆ ಮಲದ ಬ್ಯಾಕ್ಟೀರಿಯಾ. ಮಲ, ಮೂತ್ರ ಎರಡೂ ಒಂದೇ ಕೊಳವೆಗೆ ಬಿದ್ದ ಗಳಿಗೆಯಿಂದ ಅದು ತನ್ನ ಕೆಲಸಕ್ಕೆ ತೊಡಗುತ್ತದೆ. ಯಕೃತ್ತು ಅಷ್ಟು ಶ್ರದ್ಧೆಯಿಂದ ಅಂಟಿಸಿದ ಸಕ್ಕರೆ ಕೊಳಚೆ ಹರಿಯುವ ದಾರಿಯಲ್ಲೇ ಉದುರುತ್ತದೆ. ಸಲ್ಫೇಟ್ ಅಂಟಿದವು ಹೆಚ್ಚು ಕಾಲ ತಾಳುತ್ತವೆ. ಅವುಗಳಲ್ಲಿ ಒಂದು ಪಾಲು ಶುದ್ಧೀಕರಣ ಘಟಕದೊಳಗೆ ಅಥವಾ ಅದನ್ನು ದಾಟಿ ಹಳ್ಳಕ್ಕೆ ಬಂದ ಮೇಲೆ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಘಟಕಕ್ಕೆ ಬಂದ ನೀರಿನಲ್ಲಿ ಇದ್ದುದಕ್ಕಿಂತ ಹೊರಹೋಗುವ ನೀರಿನಲ್ಲಿ ಈಸ್ಟ್ರೋನ್ ಹೆಚ್ಚಿರುವ ಸೋಜಿಗವನ್ನೂ ಬೇರೆ ದೇಶಗಳ ಘಟಕಗಳಲ್ಲಿ ಕಂಡಿದ್ದಾರೆ.

ಹುಬ್ಬಳ್ಳಿ-ಧಾರವಾಡದ ನೆಲ ಈ ವಿಷಯದಲ್ಲಿ ವಿಶೇಷ. ಅವಳಿ ನಗರ ಕೂತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದ ನೀರು ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಿಣ್ಣೆಯ ಮೇಲಿನ ಊರಿನಲ್ಲಿ ದೊಡ್ಡ ನದಿ ಇರುವುದಿಲ್ಲ. ಕುಡಿಯುವ ನೀರನ್ನು ಸವದತ್ತಿ ಬಳಿಯ ರೇಣುಕಾಸಾಗರದಿಂದ, ನೀರಸಾಗರದಿಂದ ಕೊಳವೆಯಲ್ಲಿ ತಂದು ಕುಡಿಯುತ್ತೇವೆ; ಬಳಸಿದ ನೀರನ್ನು ಸಣ್ಣ ಹಳ್ಳಗಳಿಗೆ ಬಿಡುತ್ತೇವೆ. ಮಳೆಗಾಲದಲ್ಲಿ ಆ ಹಳ್ಳಗಳಲ್ಲಿ ಮಳೆನೀರು ಇರುತ್ತದೆ. ಫೆಬ್ರುವರಿಯಿಂದ ಮೇವರೆಗೆ ಅಲ್ಲಿ ಹರಿಯುವುದು ಬಹುತೇಕ ನಮ್ಮ ಮನೆಗಳ ಕೊಳಚೆಯೇ. ದೊಡ್ಡ ನದಿಯ ದಂಡೆಯ ಊರಿಗೆ ಸಿಗುವ ತೆಳುವಾಗಿಸುವ ನೀರು ಇಲ್ಲಿಲ್ಲ.

ಒಂದು ಅಂದಾಜು ಲೆಕ್ಕ ಮಾಡಬಹುದು. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಗಂಡು, ಹೆಣ್ಣು, ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿ ತಲೆಗೆ ದಿನಕ್ಕೆ 10 ಮೈಕ್ರೋಗ್ರಾಂ ಈಸ್ಟ್ರೋನ್ ಮತ್ತು ಈಸ್ಟ್ರಡಯಾಲ್ ಎಂದು ಇಟ್ಟುಕೊಂಡರೆ ಇಡೀ ಊರಿನದು ದಿನಕ್ಕೆ 9.4 ಗ್ರಾಂ. ಒಂದೆರಡು ಚಮಚದ ಮಾತು, ಅಲ್ಲವೇ? ಆದರೆ ತಲೆಗೆ 135 ಲೀಟರ್ ನೀರು ಎಂಬ ಸರ್ಕಾರಿ ಅಳತೆಯಲ್ಲಿ ಇದನ್ನು ಕರಗಿಸಿದರೆ ಲೀಟರಿಗೆ 74 ನ್ಯಾನೋಗ್ರಾಂ ಬರುತ್ತದೆ. ನೀರು ಸಾಲದೆ ಜನ 70 ಲೀಟರಿನಲ್ಲೇ ದಿನ ದೂಡಿದರೆ ಅದೇ 143 ಆಗುತ್ತದೆ. ನೀರಿನ ಬರ ಹೆಚ್ಚಿದಷ್ಟೂ ಕೊಳಚೆಯಲ್ಲಿ ಹಾರ್ಮೋನ್ ಗಟ್ಟಿಯಾಗುತ್ತದೆ. ಒಂಬತ್ತು ತಿಂಗಳು ತುಂಬಿದ ಒಬ್ಬ ಗರ್ಭಿಣಿ ದಿನಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂಗೂ ಮೀರಿ ಎಸ್ಟ್ರಯಾಲ್ ವಿಸರ್ಜಿಸುತ್ತಾಳೆ. ಅದು ದುರ್ಬಲ ಈಸ್ಟ್ರೋಜನ್ ಆದ್ದರಿಂದ ಈ ಲೆಕ್ಕದಿಂದ ಬಿಟ್ಟಿದ್ದೇನೆ.

ಲೀಟರಿಗೆ ಒಂದು ನ್ಯಾನೋಗ್ರಾಂ ಎಂದರೆ ನೂರು ಕೋಟಿ ಲೀಟರಿಗೆ ಒಂದು ಗ್ರಾಂ. ಇಷ್ಟರಿಂದ ಏನಾದೀತು ಎಂದು ಕೇಳುವವರಿಗೆ ಮೀನುಗಳೇ ಉತ್ತರ ಕೊಟ್ಟಿವೆ. ಬ್ರಿಟನ್ನಿನ ಕೊಳಚೆ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರಿನಲ್ಲಿ ಪಂಜರ ಇಳಿಸಿ ಗಂಡು ಟ್ರೌಟ್ ಮೀನುಗಳನ್ನು ಬಿಟ್ಟಾಗ, ಮೊಟ್ಟೆಯ ಹಳದಿಗೆ ಬೇಕಾದ ವೈಟೆಲೋಜೆನಿನ್ ಎಂಬ ಪ್ರೋಟೀನ್ ಅವುಗಳ ರಕ್ತದಲ್ಲಿ ಕಂಡಿತು. ಗಂಡು ಮೀನಿಗೆ ಅದರ ಅಗತ್ಯವೇ ಇಲ್ಲ. 1994ರಲ್ಲಿ ಈ ವರದಿ ಬಂತು. 1998ರಲ್ಲಿ ಅಲ್ಲಿನ ನದಿಗಳ ಗಂಡು ರೋಚ್ ಮೀನುಗಳ ವೃಷಣಗಳಲ್ಲಿ ಮೊಟ್ಟೆಗಳು ಬೆಳೆದಿರುವುದನ್ನು ವ್ಯಾಪಕವಾಗಿ ಕಂಡರು. ಅದೇ ವರ್ಷ ಆ ನೀರಿನ ಹಾರ್ಮೋನ್ ಗುಣಕ್ಕೆ ಮುಖ್ಯ ಕಾರಣ ಈಸ್ಟ್ರೋನ್, ಈಸ್ಟ್ರಡಯಾಲ್, ಮತ್ತು ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಈಸ್ಟ್ರಡಯಾಲ್ ಎಂದು ತಿಳಿಯಿತು. ಕಾರ್ಖಾನೆಯ ವಿಷವೇ ಇರಬೇಕು ಎಂದು ಹುಡುಕಲು ಹೊರಟವರಿಗೆ ಹೆಚ್ಚಾಗಿ ಸಿಕ್ಕಿದ್ದು ಮನುಷ್ಯರ ಮೂತ್ರದಿಂದ ಬಂದ ಹಾರ್ಮೋನ್. ಕೆನಡಾದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಒಂದು ಸರೋವರಕ್ಕೆ 2001ರಿಂದ ಮೂರು ಬೇಸಿಗೆ ಲೀಟರಿಗೆ 5-6 ನ್ಯಾನೋಗ್ರಾಂ ಲೆಕ್ಕದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಸೇರಿಸಿದರು. ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ನಿರ್ನಾಮದ ಅಂಚಿಗೆ ಬಂತು. ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಹಾರುವವರಿದ್ದಾರೆ: ಎಲ್ಲಕ್ಕೂ ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರೇ ಕಾರಣ. ಯುರೋಪಿನಲ್ಲೇ ಇದು ಅರ್ಧಸತ್ಯ, ಕರ್ನಾಟಕದಲ್ಲಂತೂ ನಿಲ್ಲುವುದೇ ಇಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಮಹಿಳೆಯರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಕ್ಕಳನ್ನು ನಿಲ್ಲಿಸಿದವರು. ಮಾತ್ರೆ ನುಂಗುವವರು ಬೆರಳೆಣಿಕೆಯಷ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಮಾಲಾ-ಎನ್‌ನಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಇರುವುದು 0.03 ಮಿಲಿಗ್ರಾಂ. ಅಲ್ಲೇ ಸಿಗುವ ಛಾಯಾ ಎಂಬ ಮಾತ್ರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ್ದು, ಸ್ಟೆರಾಯ್ಡೇ ಅಲ್ಲ. ಹೊಣೆ ಹೊರಿಸುವುದಾದರೆ ಮೂತ್ರ ಮಾಡುವ ಎಲ್ಲರ ಮೇಲೂ ಹೊರಿಸಬೇಕು, ಗಂಡಸರೂ ಸೇರಿ. ದನ, ಎಮ್ಮೆಗಳೂ ತಮ್ಮ ಪಾಲು ಹಾಕುತ್ತವೆ, ಅವುಗಳ ಹಾರ್ಮೋನಿನ ದೊಡ್ಡ ಭಾಗ ಸಗಣಿಯಲ್ಲಿ ಹೋಗುತ್ತದೆ. ಆ ಸಗಣಿ ಗಾಳಿಯಾಡುವ ತಿಪ್ಪೆಯಲ್ಲಿ ಚೆನ್ನಾಗಿ ಕಳಿತರೆ ಹಾರ್ಮೋನ್ ಬಹಳಷ್ಟು ಇಳಿಯುತ್ತದೆ. ನೀರು ಹೊಡೆದು ಗಟಾರಕ್ಕೆ ಬಿಟ್ಟರೆ ಇಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಕೊಳಚೆಯಿಂದ ಕಾಲರಾ, ಕಾಮಾಲೆ, ಜಂತುಹುಳು ಬರುವ ಊರಿನಲ್ಲಿ ನ್ಯಾನೋಗ್ರಾಂ ಹಾರ್ಮೋನಿನ ಚಿಂತೆ ಶ್ರೀಮಂತ ದೇಶಗಳ ಚಿಂತೆಯಲ್ಲವೇ? ಈ ಪ್ರಶ್ನೆ ನನಗೆ ನ್ಯಾಯವೆನಿಸುತ್ತದೆ. ಸಂತೆಯ ಮೆಂತ್ಯೆ ಪಲ್ಲೆ, ಪಾಲಕ್ ತಿನ್ನುವವರಿಗೆ ಮೊದಲ ಅಪಾಯ ರೋಗಾಣುಗಳದೇ. ಪಲ್ಲೆಯ ಬೇರು ಹೀರುವ ಹಾರ್ಮೋನ್ ಅತ್ಯಲ್ಪ, ಅದು ಹೊಟ್ಟೆಗೆ ಹೋದರೂ ಯಕೃತ್ತು ಹಿಡಿದು ಕಟ್ಟಿಹಾಕುತ್ತದೆ. ಪಲ್ಲೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ. ಇಪ್ಪತ್ನಾಲ್ಕು ಗಂಟೆಯೂ ಆ ನೀರಿನಲ್ಲೇ ಉಸಿರಾಡುವ, ಮೊಟ್ಟೆಯಿಡುವ ಮೀನು, ಕಪ್ಪೆಗಳಿಗೆ ಆ ಆಯ್ಕೆ ಇಲ್ಲ. ಅದಕ್ಕಿಂತ ಮುಖ್ಯವಾದ ಮಾತು: ರೋಗಾಣುವಿಗೊಂದು, ಹಾರ್ಮೋನಿಗೊಂದು ಎಂದು ಎರಡು ಬೇರೆ ಖರ್ಚುಗಳಿಲ್ಲ. ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದರ ಬಹುಪಾಲು ಅದರೊಡನೆ ಆಗುತ್ತದೆ.

ಹೇಗೆಂದರೆ, ಮನುಷ್ಯನ ಕೈಲಾಗದ ಉಂಗುರ ಬಿಚ್ಚುವ ಕೆಲಸ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ. 1950ರ ದಶಕದಲ್ಲಿ ವಿಜ್ಞಾನಿ ಪಾಲ್ ಟಲಾಲೆ ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾ ಟೆಸ್ಟೋಸ್ಟಿರಾನನ್ನೇ ಆಹಾರವಾಗಿ ತಿಂದು ಬದುಕುತ್ತಿತ್ತು. ಇಂದು ಅದಕ್ಕೆ ಕೊಮಾಮೊನಾಸ್ ಟೆಸ್ಟೋಸ್ಟಿರೋನಿ ಎಂದೇ ಹೆಸರು. ಇಂಥ ಹಲವು ಜಾತಿಗಳು ಕೊಳಚೆ ಘಟಕದ ಕೆಸರಿನಲ್ಲೂ ಇವೆ. ಅವುಗಳಿಗೆ ಬೇಕಾದ್ದು ಎರಡು: ಗಾಳಿ ಮತ್ತು ಸಮಯ. ಆಮ್ಲಜನಕ ಇದ್ದರೆ ಅವು ಉಂಗುರಗಳನ್ನು ಬೇಗ ಕಳಚುತ್ತವೆ. ಕಪ್ಪಗೆ ಕೊಳೆತು ನಾರುವ ಹಳ್ಳದಲ್ಲಿ ಅದೇ ಕೆಲಸ ತೀರ ನಿಧಾನ. ಘಟಕದಲ್ಲಿ ಕೆಸರನ್ನು ಹತ್ತು ದಿನಕ್ಕೂ ಮೀರಿ ಉಳಿಸಿಕೊಂಡು, ಅಮೋನಿಯಾ ಪೂರ್ತಿ ನೈಟ್ರೇಟ್ ಆಗುವಷ್ಟು ಗಾಳಿ ಊದಿದರೆ ಈಸ್ಟ್ರಡಯಾಲ್ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಹೋಗುತ್ತದೆ. ಸ್ವಿಟ್ಜರ್‌ಲ್ಯಾಂಡ್ 2016ರಿಂದ ಓಝೋನ್, ಇದ್ದಿಲುಗಳ ಹೆಚ್ಚುವರಿ ಹಂತ ಸೇರಿಸುತ್ತಿದೆ. ನಮಗೆ ಈಗಲೇ ಅಷ್ಟು ಬೇಕಿಲ್ಲ. ಕರೆಂಟ್ ಬಿಲ್ಲು ಉಳಿಸಲು ಗಾಳಿಯ ಯಂತ್ರ ನಿಲ್ಲಿಸದಿರುವುದು, ಹೊರೆ ಹೆಚ್ಚಾಯಿತೆಂದು ಕೊಳಚೆಯನ್ನು ಘಟಕದ ಪಕ್ಕದಿಂದಲೇ ಹಳ್ಳಕ್ಕೆ ಹಾಯಿಸದಿರುವುದು, ಒಳಚರಂಡಿ ಮುಟ್ಟದ ಬಡಾವಣೆಗಳನ್ನು ಅದಕ್ಕೆ ಸೇರಿಸುವುದು, ಇಷ್ಟು ಸಾಕು. ಇದೇ ಕೆಲಸದಿಂದ ದುರ್ವಾಸನೆ ಹೋಗುತ್ತದೆ, ಅಮೋನಿಯಾ ಇಳಿಯುತ್ತದೆ, ರೋಗಾಣುಗಳೂ ಬಹಳ ಕಡಿಮೆಯಾಗುತ್ತವೆ.

ರೈತರ ವಿಷಯದಲ್ಲಿ ನನ್ನ ನಿಲುವು ಹಲವರಿಗೆ ಹಿಡಿಸಲಿಕ್ಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಬ್ರಿಟನ್ನಿನ ಬ್ಯಾಂಗರ್‌ನ ವಿಜ್ಞಾನಿಗಳೂ ಸೇರಿ ಇಲ್ಲಿನ ಕೊಳಚೆ ನೀರಾವರಿಯನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ್ದರು. ಮದಿಹಾಳ, ಬುಡರಸಿಂಗಿ, ಕಟ್ನೂರಿನಂಥ ಕಡೆ ರೈತರು ನಾಲಾಕ್ಕೆ ಪಂಪು ಇಳಿಸಿ ನೀರೆತ್ತುತ್ತಾರೆ. ಊರಿಗೆ ಹತ್ತಿರದ ಹೊಲಗಳಲ್ಲಿ ವರ್ಷವಿಡೀ ಕಾಯಿಪಲ್ಲೆ, ದೂರ ಹೋದಂತೆ ಹೊಲದ ಬೆಳೆ, ಹಣ್ಣಿನ ಗಿಡ. ಬೇರೆಯವರ ಹೊಲ ಬೇಸಿಗೆಯಲ್ಲಿ ಬರಿದಾಗಿರುವಾಗ ಇವರ ಕೈಯಲ್ಲಿ ದುಡ್ಡು ಆಡುತ್ತದೆ. ಗೊಬ್ಬರದ ಖರ್ಚು ಕಡಿಮೆ, ಕಳೆ ಮತ್ತು ಕೀಟದ ಕಾಟ ಹೆಚ್ಚು. ಇವರನ್ನು ಊರಿನ ಆರೋಗ್ಯದ ಶತ್ರುಗಳೆಂದು ಕಾಣುವುದು ಸುಲಭ. ಹಾರ್ಮೋನಿನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಗಾಳಿಯಾಡುವ ಹೊಲದ ಮೇಲ್ಮಣ್ಣು ಸ್ಟೆರಾಯ್ಡನ್ನು ಹಿಡಿದಿಟ್ಟುಕೊಂಡು ಕೆಲವೇ ದಿನಗಳಲ್ಲಿ ಕಳಚುತ್ತದೆ. ನಮ್ಮ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು, ಹಿಡಿತ ಗಟ್ಟಿ. ಆದರೆ ಬೇಸಿಗೆಯಲ್ಲಿ ಅದು ಆಳಕ್ಕೆ ಬಿರುಕು ಬಿಡುತ್ತದೆ, ಆ ಬಿರುಕುಗಳಲ್ಲಿ ಹಾಯಿಸಿದ ನೀರು ಮಣ್ಣಿಗೆ ತಾಗದೆ ಕೆಳಗಿಳಿಯಬಹುದು. ಮಳೆಗಾಲದಲ್ಲಿ ಕೆಸರಾಗಿ ಗಾಳಿ ಆಡುವುದಿಲ್ಲ. ಆದ್ದರಿಂದ ರೈತರನ್ನು ಓಡಿಸುವ ಬದಲು ಅವರಿಗೆ ಶುದ್ಧೀಕರಿಸಿದ ನೀರನ್ನು ಹಕ್ಕಾಗಿ ಕೊಡಬೇಕು, ಎಷ್ಟು, ಯಾವಾಗ ಹಾಯಿಸಬೇಕೆಂದು ಕೃಷಿ ವಿಶ್ವವಿದ್ಯಾಲಯ ಹೇಳಬೇಕು. ಘಟಕ ಬಿಟ್ಟ ಅಲ್ಪಸ್ವಲ್ಪವನ್ನು ಹೊಲ ಮುಗಿಸುತ್ತದೆ. ಹಸಿ ಕೊಳಚೆಯನ್ನು ಅವರ ಪಾಲಿಗೆ ಬಿಟ್ಟು, ಆಮೇಲೆ ಅವರನ್ನೇ ದೂರುವುದು ನ್ಯಾಯವಲ್ಲ.

ಇಷ್ಟಾದರೂ ಈ ಹಾರ್ಮೋನನ್ನು ಅಳೆಯಬೇಕೆಂಬ ನಿಯಮ ನಮ್ಮಲ್ಲಿಲ್ಲ. ಶುದ್ಧೀಕರಣ ಘಟಕಗಳಿಗೆ ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾನದಂಡ ಆಮ್ಲೀಯತೆ, ಜೈವಿಕ ಆಮ್ಲಜನಕ ಬೇಡಿಕೆ, ತೇಲುವ ಘನವಸ್ತು, ಮಲದ ಕೋಲಿಫಾರ್ಮ್ ಇವುಗಳನ್ನು ನೋಡುತ್ತದೆ. ಅದರಲ್ಲಿ ಸ್ಟೆರಾಯ್ಡಿನ ಹೆಸರಿಲ್ಲ. ಯುರೋಪಿನ ಒಕ್ಕೂಟ 2015ರಲ್ಲೇ ಈಸ್ಟ್ರೋನ್, ಈಸ್ಟ್ರಡಯಾಲ್, ಎಥಿನೈಲ್ ಈಸ್ಟ್ರಡಯಾಲ್ ಮೂರನ್ನೂ ನದಿಗಳ ನಿಗಾಪಟ್ಟಿಗೆ ಸೇರಿಸಿತ್ತು. 2024ರ ಹೊಸ ಕಾನೂನಿನಲ್ಲಿ ಇಂಥ ಸೂಕ್ಷ್ಮ ಮಾಲಿನ್ಯ ತೆಗೆಯುವ ಹೆಚ್ಚುವರಿ ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 80 ಪಾಲನ್ನು ಔಷಧಿ ಮತ್ತು ಸೌಂದರ್ಯ ಸಾಧನ ತಯಾರಿಸುವವರೇ ಕೊಡಬೇಕೆಂದಿದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹುಬ್ಬಳ್ಳಿಯ ಉಣಕಲ್ ನಾಲಾದ ದಂಡೆಗುಂಟ ಹಸಿರು ಕಾರಿಡಾರ್ ಕೈಗೆತ್ತಿಕೊಂಡರು, ಒಳ್ಳೆಯ ಕೆಲಸ. ದಂಡೆಗೆ ಹಾಕಿದ ಹಣದಲ್ಲಿ ಒಂದು ಸಣ್ಣ ಪಾಲನ್ನು ನಾಲಾದ ನೀರಿನೊಳಗೆ ಏನಿದೆ ಎಂದು ತಿಳಿಯುವುದಕ್ಕೂ ಹಾಕಬೇಕು.

ತಿಳಿಯುವ ಶಕ್ತಿ ಇದೇ ಊರಿನಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಶ್ರೀನಿವಾಸ ಸೈದಾಪುರ ಅವರು ಕಪ್ಪೆಗಳ ಅಂಡಾಶಯ ಮತ್ತು ಹಾರ್ಮೋನುಗಳ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದರು, ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆ ಪರಂಪರೆಯವರಿಗೆ ಗಂಡು ಮೀನಿನ ರಕ್ತದಲ್ಲಿ ವೈಟೆಲೋಜೆನಿನ್ ಹುಡುಕುವುದು ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ. ಮೂತ್ರದಲ್ಲಿ ಹಾರ್ಮೋನ್ ಅಳೆಯುವುದು ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿಗೆ ಗೊತ್ತು, ಎರೆಮಣ್ಣು ಕೃಷಿ ವಿಶ್ವವಿದ್ಯಾಲಯಕ್ಕೆ ಗೊತ್ತು, ಯಂತ್ರಗಳ ಬಲ ಧಾರವಾಡದ ಐಐಟಿಗಿದೆ. ಈ ನಾಲ್ವರೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸಿಟಿ ಬಸ್ಸಿನಲ್ಲಿ ಹೋಗಬಹುದಾದಷ್ಟು ಹತ್ತಿರದಲ್ಲಿದ್ದಾರೆ. ಮಹಾನಗರ ಪಾಲಿಕೆ ಅವರನ್ನು ಒಂದು ಮೇಜಿಗೆ ಕರೆಯಲಿ: ಘಟಕಕ್ಕೆ ಬರುವ ನೀರು, ಘಟಕದಿಂದ ಹೋಗುವ ನೀರು, ನಾಲಾ, ರೈತರ ಹೊಲದ ಕಾಲುವೆ, ಕೆಳಗಿನ ಹಳ್ಳ, ಈ ಐದು ಕಡೆ ಬಿಡಿಯಾದ ಹಾರ್ಮೋನನ್ನೂ ಅದರ ಜೋಡಿರೂಪಗಳನ್ನೂ ಅಳೆಯಲಿ, ಸಿಕ್ಕ ಅಂಕಿಗಳನ್ನು ಕನ್ನಡದಲ್ಲಿ ಜನರ ಮುಂದಿಡಲಿ. ಮೊದಲ ಮಾದರಿಯನ್ನು ಬರುವ ಏಪ್ರಿಲ್ ತಿಂಗಳಿನಲ್ಲೇ ತೆಗೆಯಬೇಕು. ಆಗ ನಾಲಾದಲ್ಲಿ ಮಳೆನೀರು ಇರುವುದಿಲ್ಲ.